ಹೆಸರು ಕರೆದರೆ ಡಬ್ಬಿ

ವಿಜಯಪುರ, ಮೂರನೆಯ ಮಜಲು
ಫೆಬ್ರವರಿ 30, 2169

ಐದು ತಲೆಮಾರಿನಾಚೆಯ ನಿಂಬೆವ್ವಜ್ಜಿಯವರಿಗೆ, ನಿಮ್ಮದೇ ಹೆಸರು ಹೊತ್ತವಳ ನಮಸ್ಕಾರಗಳು.

ತಾರೀಖು ನೋಡಿ ಕೈತಪ್ಪು ಎಂದುಕೊಳ್ಳಬೇಡಿ. ಫೆಬ್ರವರಿಗೆ ಅನ್ಯಾಯವಾಗಿದೆ ಎಂದು ಯಾರೋ ಕೇಸು ಹಾಕಿ ಗೆದ್ದರು. ಈಗ ಅದಕ್ಕೂ ಮೂವತ್ತು ದಿನ. ನಮ್ಮ ಕಾಲದ ಕೆಲವು ಶಬ್ದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಹಳೆಯ ನೋಟುಬುಕ್ಕಿನ ಕೊನೆಯ ಪುಟದಲ್ಲಿ "ನಾಳೆ ಚಟ್ನಿಪುಡಿ ಉದ್ಯಮದ ನೋಂದಣಿ. ಡಬ್ಬಿ ಮೇಲೆ ನನ್ನ ಹೆಸರೇ ಇರಲಿ" ಎಂದಿದೆ. ಆ ನಾಳೆಗೆ ಮೊದಲೇ ಇದು ತಲುಪಬೇಕು. ಹಿಂದಂಚೆ, ಅಂದರೆ ಕಾಲದ ಹಿಂದಕ್ಕೆ ಹೋಗುವ ಅಂಚೆ, ಒಬ್ಬರಿಗೆ ಒಂದೇ ಕಾಗದ ಒಯ್ಯುತ್ತದೆ. ಉತ್ತರ ತರುವುದಿಲ್ಲ.

ನಮ್ಮ ಮನೆಗಳಿಗೆ ಕಿವಿಗೋಡೆ ಇರುತ್ತದೆ. "ಬೆಲ್ಲ ಮುಗೀತು" ಎಂದರೆ ಸಾಕು, ಬಾಗಿಲ ಪಕ್ಕದ ಗೂಡಿಗೆ ಬೆಲ್ಲ ಬಂದು ಬೀಳುತ್ತದೆ. ಉದ್ಯಮ ಶುರುಮಾಡುವವರು ತಮ್ಮ ಹೆಸರನ್ನು ಈ ಗೋಡೆಗಳಿಗೆ ಬರೆದುಕೊಡಬಹುದು. ಇದಕ್ಕೆ ಹೆಸರೊಪ್ಪಿಗೆ ಎನ್ನುತ್ತಾರೆ. ಕೊಟ್ಟ ಮೇಲೆ ಯಾರು ಯಾವ ಕಾರಣಕ್ಕೆ ಆ ಹೆಸರು ಹೇಳಿದರೂ ಅದು ಗಿರಾಕಿಯ ಕರೆಯೇ. ವಾಪಸು ಪಡೆಯಲು ಅರ್ಜಿ ನಮೂನೆಯೇ ಇಲ್ಲ. ಅಗಸಿ ಚಟ್ನಿ ಮಾಡಲು ಇಳಿದಾಗ ನಾನು ಯೋಚಿಸದೆ ಹೆಸರು ಕೊಟ್ಟೆ, ಹೆಮ್ಮೆ ಪಟ್ಟೆ. ಅದುವರೆಗೆ ಯಾರದೋ ಮಗಳು, ಯಾರದೋ ಹೆಂಡತಿ ಆಗಿದ್ದವಳ ಹೆಸರು ನಾಲ್ಕು ಜಿಲ್ಲೆಯ ಗೋಡೆಗಳಿಗೆ ಗೊತ್ತೆಂದರೆ ಸುಮ್ಮನೆಯೇ? ಕನ್ನಡಿಯಲ್ಲಿ ನನ್ನನ್ನು ನಾನು ಮೊದಲ ಸಲ ಮೆಚ್ಚಿದ್ದು ಆಗಲೇ. ಆ ಸುಖವನ್ನು ಸುಳ್ಳು ಎನ್ನಲಾರೆ.

ಹೊಸ್ತಿಲಲ್ಲಿ ನಿಂತು, ಪ್ರಾಸ ಕಟ್ಟಿ, ಜೋಡಿಯ ಹೆಸರು ಹೇಳುವ ಒಡಪಿನ ಶಾಸ್ತ್ರ ಇಂದಿಗೂ ಉಳಿದಿದೆ. ಈಗ ಗಂಡಸರಿಗೂ ಬಿಡುಗಡೆಯಿಲ್ಲ. ನನ್ನ ಗಂಡ ರೇವಪ್ಪ ಮಾತು ಕಮ್ಮಿಯ ಮನುಷ್ಯ; ಮದುವೆಯಲ್ಲಿ ಮೂರು ದಿನ ತಿಣುಕಿ ಹೇಳಿದ್ದ:

"ಬ್ಯಾಸಗಿ ಬಿಸಲಿಗೆ ಬೇಕ ಬೇವಿನ ನೆರಳು,
ನಿಂಬೆವ್ವನ ಕೈಯಾಗ ಇರ್ಲಿ ನನ್ನ ಬೆರಳು."

ಮರುವರ್ಷ ಚಟ್ನಿಗೆ ಜಾಹೀರಾತು ಬೇಕಾಯಿತು. ನಾನು ಅದನ್ನೇ ತಿರುವಿದೆ: "ನಿಂಬೆವ್ವನ ಚಟ್ನಿಗೆ ನೆಕ್ಕಬೇಕ ಬೆರಳು." ಊರೆಲ್ಲ ಹಾಡಿತು. "ಚಲೋ ಕೂಡೇತಿ ಬಿಡ," ಎಂದ ರೇವಪ್ಪ. ಹೊಗಳಿಕೆ ಎಂದುಕೊಂಡೆ.

ಅಂದಿನಿಂದ ಅವನು ಕರೆದಾಗಲೆಲ್ಲ ಗೂಡಿಗೆ ಡಬ್ಬಿ ಬೀಳುತ್ತಿತ್ತು, ನಾನು ಕಾರ್ಖಾನೆಯಲ್ಲಿರುತ್ತಿದ್ದೆ. ಒಮ್ಮೆ ನಮ್ಮ ಓಣಿಯಿಂದ ಒಂದೇ ದಿನ ನಲವತ್ತೊಂದು ಡಬ್ಬಿಗೆ ಕರೆ ಬಂತು. ಖುಷಿಗೆ ಎಲ್ಲರಿಗೂ ಪೇಡೆ ಹಂಚಿದೆ. ಮನೆಗೆ ಹೋದಾಗ ಬಾಗಿಲು ತಳ್ಳಲಾಗಲಿಲ್ಲ. ಒಳಗೆ ಅವನು ಜ್ವರದಲ್ಲಿ ಕನವರಿಸುತ್ತಿದ್ದ. ನಲವತ್ತೆರಡನೆಯದು ನನ್ನೆದುರೇ ಬಿತ್ತು.

ನಮ್ಮಲ್ಲಿ ಮದುವೆಗೆ ಹನ್ನೆರಡು ವರ್ಷದ ಗಡುವು. ಆಮೇಲೆ ಮರುಹೊಸ್ತಿಲು: ಅದೇ ಜಾಗದಲ್ಲಿ ನಿಂತು ಮತ್ತೆ ಒಡಪು ಹೇಳಿದರೆ ಸಂಸಾರ ಮುಂದುವರಿಯುತ್ತದೆ, ಇಲ್ಲವಾದರೆ ಅಲ್ಲಿಗೆ ಮುಗಿಯಿತು. ಕಳೆದ ಸೋಮವಾರ ನಮ್ಮ ಸರದಿ. ಓಣಿಯ ಹೆಂಗಸರೆಲ್ಲ ಸೇರಿದ್ದರು. "ಹೇಳೋ ರೇವಪ್ಪಾ, ಪ್ರಾಸ ಮರತಿ ಏನ?" ಎಂದು ನನ್ನ ಸೋದರತ್ತೆ ಗೌರಾಬಾಯಿ ಕೆಣಕಿದಳು. ಅವನು ಹಳೆಯದನ್ನೇ ಶುರುಮಾಡಿದ. ನೆರಳಿನವರೆಗೆ ಬಂದ. ನನ್ನ ಹೆಸರು ಹೇಳಿದ. ಧಡ್ ಎಂದು ಡಬ್ಬಿ ಬಿತ್ತು. ಎಲ್ಲರೂ ನಕ್ಕರು. ನಾನು ಬಗ್ಗಿ, ಎತ್ತಿಕೊಂಡು, ಸೀಲು ಗಟ್ಟಿಯಿದೆಯೇ ಎಂದು ನೋಡಿದೆ. ಅವನ ಮುಖ ನೋಡಿದ್ದು ಆಮೇಲೆ.

ಅವನು ಒಡಪು ಪೂರ್ತಿ ಮಾಡಲಿಲ್ಲ. "ಹನ್ನೊಂದ ವರ್ಸ ಕರದೇನ್ರಿ ಅತ್ತಿ," ಎಂದ, ನನಗಲ್ಲ, ಗೌರಾಬಾಯಿಗೆ. "ಕರದಾಗೊಮ್ಮೆ ಡಬ್ಬಿನ ಬಂತು." ಚಪ್ಪಲಿ ಮೆಟ್ಟಿ ಹೊರಟುಹೋದ.

ಈಗ ಮನೆಯಲ್ಲಿ ನಾನೊಬ್ಬಳೇ. ನಿನ್ನೆ ಕನ್ನಡಿಯ ಮುಂದೆ ನಿಂತು, ಸಮಾಧಾನ ಹೇಳೋಣವೆಂದು, ನನ್ನನ್ನು ನಾನೇ ಹೆಸರು ಹಿಡಿದು ಕರೆದೆ. ಡಬ್ಬಿ ಬಂತು. ಉಪ್ಪು ಸ್ವಲ್ಪ ಹೆಚ್ಚಾಗಿತ್ತು.

ಅಜ್ಜಿ, ಉದ್ಯಮ ಬಿಡಿ ಎನ್ನುವುದಿಲ್ಲ. ಪುಡಿ ಕುಟ್ಟಿ, ಅಂಗಡಿ ಕಟ್ಟಿ. ಡಬ್ಬಿಯ ಮೇಲೆ ಹೂವಿನದೋ ಹೊಳೆಯದೋ ಹೆಸರಿರಲಿ. ನಿಂಬೆವ್ವ ಎಂಬುದು ನಮ್ಮಿಬ್ಬರದು, ಮನೆಯಲ್ಲೇ ಉಳಿಸಿ. ನಿಮ್ಮ ಗೋಡೆಗಳಿಗೆ ಇನ್ನೂ ಏನೂ ಕೇಳಿಸುವುದಿಲ್ಲ. ಒಳಗಿನಿಂದ ಯಾರಾದರೂ "ನಿಂಬೆವ್ವಾ" ಎಂದು ಕರೆದರೆ, ಕೈಯೆಲ್ಲ ಖಾರವಾಗಿದ್ದರೂ ಸರಿ, ನೀವೇ ಎದ್ದು ಹೋಗಿ.