ಶಾಲೆಯಲ್ಲಿ ತುಂಬಿದ ಉಡಿ

ಸುರಪುರ, ಕಾಲುವೆ ಕಡೆಯ ಓಣಿ
೧೭ ಮಾರ್ಚ್ ೧೯೯೭, ಸೋಮವಾರ

ನಮ್ಮ ಮಾಳಿಯ ಅಪ್ಪನವರಿಗೆ,

ಅಯ್ಯಮ್ಮ ಮಾಡುವ ನಮಸ್ಕಾರ. ತಿಂಥಣಿ ಸೇತುವೆ ದಾಟಿದ ಮೇಲೆ ನಿಮ್ಮ ಸುದ್ದಿಯೇ ಇಲ್ಲ. ಆರಾಮ ಇದ್ದೀರಾ? ಮೊಣಕಾಲು ನೋವು ಹೇಗಿದೆ? ನಾನು ಕಟ್ಟಿಕೊಟ್ಟ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ಕುಂಟುವ ಕುರಿಗೆ ಹಚ್ಚಿ ಮುಗಿಸಿದ್ದೀರೋ? ನಿಮ್ಮನ್ನು ನಾನು ಬಲ್ಲೆ. ನೀರಾವರಿ ಹೊಲದ ಹಸಿ ಹುಲ್ಲಿಗೆ ಮರಿಗಳನ್ನು ಒಮ್ಮೆಲೇ ಬಿಡಬೇಡಿ, ಹೋದ ವರ್ಷ ಹೊಟ್ಟೆ ಉಬ್ಬಿ ಸತ್ತದ್ದು ನೆನಪಿರಲಿ. ಜೊತೆಗಿರುವ ನಿಮ್ಮ ತಮ್ಮ ಅಮೋಘಸಿದ್ದನೂ ಚೆನ್ನಾಗಿದ್ದಾನೆಂದು ತಿಳಿಯುತ್ತೇನೆ. ಈ ಪತ್ರ ನಿಮಗೆ ಓದಿ ಹೇಳುವ ಹೋಟೆಲಿನ ಖಾಜಾಹುಸೇನಣ್ಣನಿಗೆ ನನ್ನ ಸಲಾಮು. ಅಣ್ಣಾ, ನಾನು ಕಲಿತದ್ದು ಏಳನೇತ್ತ, ಅಕ್ಷರ ಸೊಟ್ಟ ಇವೆ, ಸಾವಕಾಶ ಓದಿರಿ. ಚಹಾ ಕುಡಿಯುವವರು ಕೇಳಿಸಿಕೊಂಡು ನಕ್ಕರೆ ನಗಲಿ, ನಗುವಂಥದ್ದೇ ನಡೆದಿದೆ.

ನೀವು ಹೊರಟ ದಿನ ನಮ್ಮಿಬ್ಬರ ನಡುವೆ ಆದ ಮಾತು ನನ್ನ ಹೊಟ್ಟೆಯಲ್ಲಿ ಇನ್ನೂ ಹಾಗೇ ಕುಳಿತಿದೆ. ಮಾಳಿಯನ್ನು ಕಾಲೇಜಿಗೆ ಹಾಕೋಣ ಎಂದು ನಾನು ಅಂದರೆ ನೀವು ಏನಂದಿರಿ? ‘ಇಕಿ ತೊಟ್ಟಿಲದಾಗ ಇದ್ದಾಗ ಭಂಡಾರ ಹಿಡದು ಅಕ್ಕಗ ಮಾತ್ ಕೊಟ್ಟೀನಿ. ಹತ್ತನೇತ್ತ ಮುಗೀಲಿ, ಅಕಿ ಮಗ ಮೌನಪ್ಪನ ಜೋಡಿ ಲಗ್ನ. ಅಕ್ಕ ತಾನಾಗಿ ಬಿಟ್ರ ಬ್ಯಾರೆ ಮಾತು, ನಾ ಅಂತೂ ಕೇಳಂಗಿಲ್ಲ’ ಎಂದು ಕಂಬಳಿ ಹೆಗಲಿಗೇರಿಸಿ ನಡೆದೇಬಿಟ್ಟಿರಿ. ದೇವರ ಅರಿಶಿನ ಅಂಗೈಯಲ್ಲಿ ಹಿಡಿದು ಆಡಿದ ಮಾತು ಎಂಥದ್ದೆಂದು ನನಗೂ ಗೊತ್ತು, ನಾನೂ ಕುರಿ ಕಾಯುವವರ ಮನೆಯಲ್ಲೇ ಹುಟ್ಟಿದವಳು. ಗೊತ್ತಿರುವುದಕ್ಕೇ ಇಷ್ಟು ಸಂಕಟ. ಬಾಗಿಲ ಹಿಂದೆ ನಿಂತು ಮಾಳಿ ಎಲ್ಲ ಕೇಳಿಸಿಕೊಂಡಿದ್ದಳು. ನೀವು ಓಣಿ ತಿರುಗಿದ ಮೇಲೆ, ‘ಯವ್ವಾ, ಇದ ನಂದು ಕಡೀ ಪರೀಕ್ಷಾ ಏನು?’ ಅಂದಳು. ನಾನು ಒಲೆಯ ಕಡೆ ತಿರುಗಿ ರೊಟ್ಟಿ ಬಡಿಯತೊಡಗಿದೆ. ಅಂದಿನಿಂದ ಮತ್ತೆ ಕೇಳಿಲ್ಲ, ತಲೆ ತಗ್ಗಿಸಿ ಓದುತ್ತಾಳೆ ಅಷ್ಟೇ.

ಇರಲಿ, ಮೊನ್ನೆ ಶನಿವಾರ ಶಾಲೆಯಲ್ಲಿ ಹತ್ತನೇತ್ತದ ಮಕ್ಕಳನ್ನು ಬೀಳ್ಕೊಡುವ ಕಾರ್ಯಕ್ರಮ ಇತ್ತು. ತಾಯಂದಿರೂ ಬರಬೇಕೆಂದು ಹೇಳಿಕಳಿಸಿದ್ದರು. ವಾರವೆಲ್ಲ ನಿಮ್ಮ ಮಗಳು ಹಿತ್ತಲಲ್ಲಿ ಆಡಿನ ಮುಂದೆ ನಿಂತು ಭಾಷಣ ಮಾಡಿದ್ದೇ ಮಾಡಿದ್ದು. ನನ್ನ ಮದುವೆಯ ಹಸಿರು ಇಳಕಲ್ ಸೀರೆ ಬೇಕೆಂದು ಹಟ ಹಿಡಿದಳು, ಉಡಿಸಿದೆ. ಪಕ್ಕದ ಮನೆಯ ಲಾಲಮ್ಮ ಕೈತುಂಬ ಹಸಿರು ಬಳೆ ಇಡಿಸಿದಳು. ಮೊದಲ ಸಲ ಸೀರೆ ಉಟ್ಟವಳು ಹೊಸಿಲು ದಾಟುವಾಗಲೇ ಎಡವಿದಳು. ನಕ್ಕೆ, ಆಮೇಲೆ ಒಳಗೆ ಹೋಗಿ ಸ್ವಲ್ಪ ಅತ್ತೆ. ಇಷ್ಟು ದೊಡ್ಡವಳಾಗಿದ್ದಾಳೆಂದು ದಿನಾ ನೋಡುವ ನನಗೇ ಗೊತ್ತಿರಲಿಲ್ಲ, ನೀವು ನೋಡಿದ್ದರೆ ಏನನ್ನುತ್ತಿದ್ದಿರೋ.

ಅವರ ಸುಂದ್ರಮ್ಮ ಟೀಚರ್ ಒಂದು ಪದ್ಧತಿ ಇಟ್ಟುಕೊಂಡಿದ್ದಾರೆ. ಶಾಲೆಯೂ ತವರುಮನೆಯೇ, ಹೆಣ್ಣುಮಕ್ಕಳನ್ನು ಬರಿದೇ ಕಳಿಸಬಾರದು ಎಂದು ಹತ್ತನೇತ್ತದ ಹುಡುಗಿಯರಿಗೆಲ್ಲ ತಾವೇ ಉಡಿ ತುಂಬುತ್ತಾರೆ. ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲ, ಅಡಿಕೆ, ಎಲ್ಲದರ ಮೇಲೆ ಒಂದು ಪೆನ್ನು. ಮೊದಲ ಉಡಿ ನಮ್ಮ ಮಾಳಿಗೇ ತುಂಬಿದರು. ಉಡಿ ಹಿಡಿದುಕೊಂಡೇ ಅವಳು ವೇದಿಕೆಯ ಮೇಲೆ ನಿಂತಳು, ಪಕ್ಕದಲ್ಲಿ ತಾಯಪ್ಪ ಮಾಸ್ತರರ ಮಗ ಮರಿಲಿಂಗಪ್ಪ. ಇವರಿಬ್ಬರೂ ತರಗತಿಯ ಲೀಡರುಗಳಾದ್ದರಿಂದ ಮಕ್ಕಳ ಕಾಣಿಕೆಯಾಗಿ ಒಂದು ಗೋಡೆ ಗಡಿಯಾರ ಶಾಲೆಗೆ ಕೊಡುವುದಿತ್ತು. ಗಡಿಯಾರಕ್ಕೆ ಮಾಲೆ ಹಾಕಿದ್ದರು. ಫೋಟೋ ತೆಗೆಯುವ ಬಾಷುಮಿಯಾ, ‘ಜರಾ ಹತ್ತರ ಸರದು ನಿಲ್ರಿ ಇಬ್ರೂ’ ಎನ್ನುತ್ತಿದ್ದ, ಕೆಳಗಿನ ತರಗತಿಯ ಮಕ್ಕಳು ಹೂವಿನ ಪಕಳೆ ಎರಚುತ್ತಿದ್ದರು.

ಆ ಹೊತ್ತಿಗೇ ಬಂದಳು ನೋಡಿ ನಿಮ್ಮಕ್ಕ ದುರಗಮ್ಮ! ಹುಣಸಗಿಯಿಂದ ಹೇಳದೆ ಕೇಳದೆ ಬಸ್ಸು ಹತ್ತಿ ಬಂದವಳಿಗೆ ಮನೆಗೆ ಬೀಗ ಕಂಡಿದೆ. ಲಾಲಮ್ಮ ಕಟ್ಟೆಯ ಮೇಲಿಂದಲೇ, ‘ನಿಮ್ಮ ಮಾಳಿಗಿ ಉಡಿ ತುಂಬಾಕತ್ಯಾರ, ಸಾಲಿಗಿ ಹೋಗ್ಯಾರ’ ಎಂದಳಂತೆ. ಅಷ್ಟು ಕೇಳಿ ಬಿಸಿಲಲ್ಲಿ ದಾಪುಗಾಲು ಹಾಕಿ ಬಂದವಳಿಗೆ ಕಂಡದ್ದೇನು? ಹಸಿರು ಸೀರೆ, ಹಸಿರು ಬಳೆ, ತುಂಬಿದ ಉಡಿ, ಪಕ್ಕದಲ್ಲೊಬ್ಬ ಹುಡುಗ, ನಡುವೆ ಮಾಲೆ, ಮೇಲೆ ಹೂವು. ಇನ್ನೇನು ಬೇಕು? ಹೆಡ್‌ಮಾಸ್ತರರು ಮಾತಾಡುತ್ತಿದ್ದಂತೆಯೇ ನಟ್ಟನಡುವೆ ನಿಂತು, ‘ನನ್ನ ಮನಿ ಸೊಸಿನ್ನ ಯಾರಿಗಿ ಕೊಡಾಕತ್ತೀರಿ? ನನ್ನ ತಮ್ಮ ಅಂಬಣ್ಣ ಕುರಿ ಹಿಂದ ಹೋಗ್ಯಾನಂತ ಕಳ್ಳ ನಿಶ್ಚೇ ಮಾಡ್ತೀರೇನು?’ ಎಂದು ಕೂಗಿದಳು. ಮೈಕೇ ಬೇಕಾಗಲಿಲ್ಲ. ಮರಿಲಿಂಗಪ್ಪ ಗಡಿಯಾರವನ್ನು ಮಾಳಿಯ ಕೈಗೆ ತುರುಕಿ ವೇದಿಕೆಯಿಂದ ಜಿಗಿದವನು ಕಾಣಲೇ ಇಲ್ಲ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೆಡ್‌ಮಾಸ್ತರರು ಮಾತ್ರ ಒಂಚೂರೂ ಸಿಟ್ಟಾಗದೆ, ‘ಯಾರಿಗೂ ಕೊಟ್ಟಿಲ್ಲಮ್ಮಾ, ಪರೀಕ್ಷಾಕ್ಕ ಕೊಟ್ಟೀವಿ. ಕುಂದರ್ರಿ’ ಅಂದರು. ಇಡೀ ಶಾಲೆ ನಕ್ಕಿತು.

ಅಷ್ಟರಲ್ಲಿ ಬೇರೆ ಹುಡುಗಿಯರೂ ಉಡಿ ತುಂಬಿಸಿಕೊಳ್ಳಲು ಸಾಲಾಗಿ ಬಂದರು. ಅದನ್ನು ನೋಡಿ ನಿಮ್ಮಕ್ಕನಿಗೆ ತನ್ನ ತಪ್ಪು ತಿಳಿಯಿತು. ಸೆರಗು ಮುಖಕ್ಕೆ ಎಳೆದುಕೊಂಡು ನನ್ನ ಪಕ್ಕ ಕುಳಿತಳು. ಸುಂದ್ರಮ್ಮ ಟೀಚರ್ ದೊಡ್ಡ ಮನಸ್ಸಿನವರು, ಮೊರ ಹಿಡಿದು ಇವಳ ಹತ್ತಿರವೂ ಬಂದರು. ಆದರೆ ಇವಳು, ‘ನಾ ಉಡಿ ತುಂಬಿಸ್ಕೊಳ್ಳಾಕಿ ಅಲ್ರಿ ಟೀಚರ’ ಎಂದು ಹಿಂದೆ ಸರಿದಳು. ಆಕೆಯ ಗಂಡ, ನಿಮ್ಮ ಭಾವ, ತೀರಿಕೊಂಡ ಮೇಲೆ ಆಕೆಗೆ ಯಾರೂ ಉಡಿ ತುಂಬಿಲ್ಲವಲ್ಲ. ಆಗ ನಮ್ಮ ಮಾಳಿ ವೇದಿಕೆಯಿಂದ ಇಳಿದು ಬಂದು, ‘ಅತ್ತಿ, ಸೆರಗು ಹಿಡಿ’ ಎಂದವಳೇ ತನ್ನ ಉಡಿಯೊಳಗಿನ ಅಕ್ಕಿಯನ್ನು ಅತ್ತೆಯ ಸೆರಗಿಗೆ ಸುರಿದಳು. ಯಾರೂ ಬೇಡ ಅನ್ನಲಿಲ್ಲ. ನಿಮ್ಮಕ್ಕ ಅತ್ತದ್ದನ್ನು ಭಾವ ತೀರಿದ ದಿನ ಬಿಟ್ಟರೆ ನಾನು ಕಂಡದ್ದು ಅವತ್ತೇ.

ಜಗಳ ದೊಡ್ಡದಾಗದೆ ಮುಗಿಯಿತಲ್ಲ, ಅದೇ ನನಗೆ ಸಮಾಧಾನ. ಮಾಳಿಯ ಭಾಷಣವೂ ಚೆನ್ನಾಗಿ ಆಯಿತು, ಎಲ್ಲರ ಜೊತೆ ಫೋಟೋ ಆಯಿತು, ಹಾಲ್ ಟಿಕೆಟ್ ಕೈಗೆ ಬಂತು, ಅದನ್ನು ದೇವರ ಜಗುಲಿಯ ಮೇಲೆ ಇಟ್ಟಿದ್ದೇನೆ. ದುರಗಮ್ಮ ಅಂದಿನಿಂದ ಇಲ್ಲೇ ಇದ್ದಾಳೆ. ಉಣ್ಣುತ್ತಾಳೆ, ಅಂಗಳ ಸಾರಿಸುತ್ತಾಳೆ, ಮಾಳಿ ಓದುವುದನ್ನು ಕಂಬಕ್ಕೆ ಒರಗಿ ನೋಡುತ್ತಾಳೆ. ಲಗ್ನದ ಮಾತು ಎತ್ತಿಲ್ಲ, ನನಗೂ ಎತ್ತುವ ಧೈರ್ಯ ಇಲ್ಲ. ಯಾಕೆ ಬಂದಳೋ ಗೊತ್ತಿಲ್ಲ. ದಿನ ಗೊತ್ತು ಮಾಡಲಿಕ್ಕೇ ಇರಬೇಕು.

ಅಮೋಘಸಿದ್ದನಿಗೆ ನನ್ನ ಆಶೀರ್ವಾದ. ಹೊತ್ತಿಗೆ ಸರಿಯಾಗಿ ರೊಟ್ಟಿ ತಿನ್ನಿ, ಕಾಲಿಗೆ ಎಣ್ಣೆ ಹಚ್ಚಿ. ಮೌನೇಶ್ವರ ನಿಮ್ಮನ್ನೂ ಹಿಂಡನ್ನೂ ಕಾಯಲಿ.

ನಿಮ್ಮ
ಅಯ್ಯಮ್ಮ

ತಾ.ಕ. ಪಾಕೀಟು ಅಂಟಿಸಬೇಕು ಅನ್ನುವಷ್ಟರಲ್ಲಿ ನಿಮ್ಮಕ್ಕ, ‘ತಡಿ, ಇದನ್ನೂ ಬರಿ’ ಎಂದು ಎಲೆಯಡಿಕೆ ಚೀಲದಿಂದ ಒಂದು ಗಂಟು ತೆಗೆದಳು. ಭಂಡಾರ! ಹುಣಸಗಿಯಿಂದ ಹೊರಡುವಾಗಲೇ ಕಟ್ಟಿಕೊಂಡು ಬಂದಿದ್ದಾಳೆ, ನೀವು ಕೊಟ್ಟ ಮಾತನ್ನು ನಿಮಗೆ ಮರಳಿಸಲು. ಕಳಿಸಿದವನು ಮೌನಪ್ಪ. ಫೇಲಾಗಿ ಕುಳಿತಿದ್ದವನಿಗೆ ಹೋದ ಬೇಸಿಗೆಯಲ್ಲಿ ಮಾಳಿ ಲೆಕ್ಕ ಹೇಳಿಕೊಟ್ಟಿದ್ದಳಲ್ಲ, ‘ಯವ್ವಾ, ಅಕಿ ನನಗ ಟೀಚರ ಇದ್ದಂಗ. ಅಕಿನ್ನ ಮಾಡ್ಕೊಂಡ್ರ ಸಾಯೂತನಕ ಪರೀಕ್ಷಾ ಬರಿಬೇಕಾಕ್ಕೈತಿ’ ಅಂದನಂತೆ. ಹಾಗಿದ್ದರೆ ಶಾಲೆಯಲ್ಲಿ ಅಷ್ಟು ಯಾಕೆ ಕೂಗಾಡಿದಿ ಅಂದೆ. ‘ಕೊಡಾಕಂತ ಬಂದಾಕಿ ಕೈಯಾಗಿಂದ ಕಸಗೊಂಡ್ರ ಸಿಟ್ಟು ಬರಂಗಿಲ್ಲೇನು?’ ಅಂದಳು. ಭಂಡಾರ ನನ್ನ ಕೈಗೆ ಕೊಡುವುದಿಲ್ಲವಂತೆ, ತಮ್ಮನ ಕೈಯಲ್ಲೇ ಇಡಬೇಕಂತೆ, ಅಲ್ಲಿಯವರೆಗೆ ಊರಿಗೆ ಹೋಗುವುದಿಲ್ಲವಂತೆ. ಕುರಿ ಅಮೋಘಸಿದ್ದನಿಗೆ ಒಪ್ಪಿಸಿ ಸಿಕ್ಕ ಬಸ್ಸಿಗೆ ಬನ್ನಿ. ಮಾಳಿ ಹಿತ್ತಲಲ್ಲಿ ಓದುತ್ತಿದ್ದಾಳೆ, ಅವಳಿಗೆ ಇನ್ನೂ ಹೇಳಿಲ್ಲ. ಇದು ಕಡೆಯ ಪರೀಕ್ಷೆಯೇ ಎಂದು ಕೇಳಿದ್ದಳಲ್ಲ, ಅದಕ್ಕೆ ಉತ್ತರ ನೀವೇ ಬಂದು ಹೇಳಿ.