ಹುಳುಮನೆಯಲ್ಲಿ ಸೆಂಟು

ಸದಾಶಿವನಗರ, ತುಮಕೂರು
೭ ನವೆಂಬರ್ ೨೦೨೪, ಗುರುವಾರ

ಪ್ರೀತಿಯ ನಂದಿತಾ ಅತ್ತಿಗೆಗೆ,

ಈ ಕಾಗದ ಬರೆಯುತ್ತಿರುವುದಕ್ಕೇ ಮೊದಲು ಕ್ಷಮಿಸಿ. ಕವರಿನ ಮೇಲೆ ನನ್ನ ಅಕ್ಷರ ನೋಡಿ ಹರಿದು ಹಾಕಬೇಕು ಅನ್ನಿಸಿದ್ದರೆ ಅದು ನ್ಯಾಯವೇ. ಆದರೂ ಓದಿ ಆಮೇಲೆ ಹರಿಯಿರಿ. ಹೇಗಿದ್ದೀರಿ? ಸುಣ್ಣ ತಾಗಿ ಕೈಯಲ್ಲಿ ಎದ್ದಿದ್ದ ಬೊಬ್ಬೆ ಒಣಗಿತೇ? ನಿಮ್ಮ ಅಮ್ಮನ ಮಂಡಿನೋವು ಹೇಗಿದೆ? ಗುಬ್ಬಿಯಲ್ಲಿ ಚಳಿ ಶುರುವಾಗಿರಬೇಕು, ಇಲ್ಲಿಯೂ ಬೆಳಿಗ್ಗೆ ಬಕೆಟ್ಟಿನ ನೀರು ಮುಟ್ಟುವ ಹಾಗಿಲ್ಲ. ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಚೆನ್ನಾಗಿಯೇ ಇದ್ದೇನೆ. ಮೆಸ್ಸಿನಲ್ಲಿ ಊಟ ಮಾಡುತ್ತೇನೆ, ಕ್ಲಾಸಿಗೆ ಹೋಗುತ್ತೇನೆ, ಇಂಟರ್ನಲ್ಸ್‌ನಲ್ಲಿ ಎಲ್ಲ ಸಬ್ಜೆಕ್ಟೂ ಪಾಸು. ಫೋನು ಮಾಡಬಹುದಿತ್ತು. ವಾಟ್ಸಾಪಿನಲ್ಲಿ ಬರೆದರೆ ಊರಿಗೆ ಹೋದಾಗ ಚನ್ನೇಶಣ್ಣ ಫೋನು ಕಿತ್ತುಕೊಂಡು ನೋಡುತ್ತಾನೆ, ಮಾತಾಡಿದರೆ ನಾನು ಅತ್ತು ಎಲ್ಲ ಕೆಡಿಸುತ್ತೇನೆ. ಆರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳಿಗೆ ಲೆಟರ್ ಎಂದರೆ ಪ್ರಿನ್ಸಿಪಾಲರಿಗೆ ಇಂಗ್ಲಿಷಿನಲ್ಲಿ ಬರೆಯುವ ರಜೆ ಅರ್ಜಿ ಮಾತ್ರ. ಇದು ಹಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ವಿಷಯಕ್ಕೆ ಬರುತ್ತೇನೆ. ಅಕ್ಟೋಬರ್ ಐದನೇ ತಾರೀಕು ಶನಿವಾರ ನಮ್ಮ ಹುಳುಮನೆಗೆ ಸೆಂಟು ಹಾಕಿಕೊಂಡು ಹೋದವಳು ನಾನು. ರೇಷ್ಮೆಹುಳು ಅಷ್ಟೂ ಸತ್ತದ್ದು ನನ್ನಿಂದ. ನೀವು ತವರಿನಲ್ಲಿ ಕೂತು ಒಂದು ತಿಂಗಳಾಗಿರುವುದೂ ನನ್ನಿಂದಲೇ. ಇದು ನಿಮಗೆ ಆವತ್ತೇ ಗೊತ್ತಿತ್ತು ಎಂಬುದು ನನಗೂ ಗೊತ್ತು. ಆದರೆ ಹೇಗಾಯಿತು ಎಂಬುದು ನಿಮಗೆ ಗೊತ್ತಿಲ್ಲ, ಅಷ್ಟನ್ನಾದರೂ ಬರೆಯಬೇಕು.

ಅದರ ಹಿಂದಿನ ಗುರುವಾರ ಕಾಲೇಜಿನಲ್ಲಿ ಬಿಬಿಎ ಫಸ್ಟ್ ಇಯರಿನವರಿಗೆ ಗ್ರೂಮಿಂಗ್ ಸೆಷನ್ ಇಟ್ಟಿದ್ದರು. ಆಫೀಸಿಗೆ ಹೇಗೆ ಡ್ರೆಸ್ ಮಾಡಬೇಕು, ಹೇಗೆ ಕೈ ಕುಲುಕಬೇಕು, ಎಷ್ಟು ಪರ್ಫ್ಯೂಮ್ ಹಾಕಿಕೊಳ್ಳಬೇಕು, ಇಂಥವು. ಟ್ರೈನರ್ ಮೇಡಂ ನಮ್ಮನ್ನೆಲ್ಲ ಜೋಡಿ ಜೋಡಿ ನಿಲ್ಲಿಸಿ, ಒಂದು ತೋಳಿನಷ್ಟು ದೂರದಲ್ಲಿ ಎದುರಿನವರ ವಾಸನೆ ಬರುತ್ತಾ ಹೇಳಿ ಎಂದರು. ನನ್ನ ಎದುರಿಗೆ ರೂಮ್‌ಮೇಟ್ ಸಂಧ್ಯಾ. ಅವಳು ಮೂಗು ಮುಂದೆ ತಂದು ಎರಡು ಸಲ ಎಳೆದುಕೊಂಡು, "ಮೇಡಂ, ಸತ್ತ ಹುಳ" ಅಂದಳು. ಅರವತ್ತು ಜನ ನಕ್ಕರು. ಮೇಡಮ್ಮೂ ನಕ್ಕರು ಅತ್ತಿಗೆ, ನಕ್ಕು, "ನೋಡಿ, ನಮ್ಮ ವಾಸನೆ ನಮಗೇ ಗೊತ್ತಾಗಲ್ಲ, ರೂಪಶ್ರೀ ಗುಡ್ ಎಕ್ಸಾಂಪಲ್" ಎಂದು ಬೋರ್ಡಿನ ಕಡೆ ತಿರುಗಿದರು. ಆ ಸಂಜೆಯಿಂದ ಮೆಸ್ಸಿನಲ್ಲಿ ನನ್ನ ಹೆಸರೇ ಹೋಯಿತು. "ಏಯ್ ಹುಳ, ಸೊಪ್ಪು ತಿಂದ್ಯೇನೇ?" "ಹುಳ ಜ್ವರಕ್ಕೆ ಕೂತೈತೆ, ಎಬ್ಬಿಸಬೇಡ್ರೇ." ಜ್ವರದ ವಿಷಯ ಅವರಿಗೆ ಹೇಳಿಕೊಟ್ಟವಳು ನಾನೇ. ಬಂದ ಹೊಸದರಲ್ಲಿ, ನಮ್ಮ ಮನೆಯಲ್ಲಿ ರೇಷ್ಮೆಹುಳು ಸಾಕುತ್ತೇವೆ, ಅವು ಪೊರೆ ಬಿಡುವುದಕ್ಕೆ ಜ್ವರ ಅನ್ನುತ್ತೇವೆ ಎಂದು ಹೆಮ್ಮೆಯಿಂದ ಹೇಳಿಕೊಂಡಿದ್ದೆ. ಶುಕ್ರವಾರ ಕ್ಲಾಸು ಬಿಟ್ಟ ಮೇಲೆ ಹೋಗಿ ಒಂದು ಬಾಡಿ ಸ್ಪ್ರೇ ತಂದೆ.

ನೀವು ನನಗೆ ಇದೆಲ್ಲ ಮೊದಲೇ ಹೇಳಿಕೊಟ್ಟಿದ್ದಿರಿ, ಆ ಮೇಡಂಗಿಂತ ಚೆನ್ನಾಗಿ. ಕಾಲೇಜು ಸೇರುವ ಮುಂಚೆ, ಜಗಲಿಯಲ್ಲಿ ನನ್ನ ತಲೆ ಬಾಚುತ್ತಾ. ಹಲ್ಲಿನ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದವರು ನೀವು. "ನೋವಲ್ಲಿ ಬಂದು ಕೂತಿರ್ತಾರೆ ರೂಪಾ, ಅವರ ಹತ್ರ ಬಗ್ಗುವಾಗ ಸೆಂಟ್ ಇರಲೇಬಾರದು, ವಾಂತಿ ಬರುತ್ತೆ ಪಾಪ. ಮದುವೆಮನೆಗೆ ಕಿವಿ ಹಿಂದೆ ಒಂದು ಚುಕ್ಕೆ ಸಾಕು. ಸಾವಿನ ಮನೆಗೆ ಸೋಪಿನ ವಾಸನೆ ಬಿಟ್ಟು ಏನೂ ಬೇಡ. ನಾವು ಬರೋಕೆ ಮುಂಚೆ ನಮ್ಮ ಸೆಂಟ್ ಬಂದು ಕೂರಬಾರದು ಕಣೇ." ನಮ್ಮ ಮನೆಗೆ ಬಂದ ಮೊದಲ ವಾರವೇ ನೀವು ಪೌಡರು, ಮಲ್ಲಿಗೆ ಹೂವು ಎಲ್ಲ ಬಿಟ್ಟಿರಿ. ಹುಳುವಿಗೆ ಆಗುವುದಿಲ್ಲ ಎಂದು ಯಾರೂ ಎರಡು ಸಲ ಹೇಳಬೇಕಾಗಲಿಲ್ಲ. ಹೊಸ ಸೊಸೆ ಬರೀ ತಲೆಯಲ್ಲಿ ಓಡಾಡುತ್ತಾಳೆ ಎಂದು ಪಕ್ಕದ ಮನೆಯ ನಿಂಗಮ್ಮ ಆಡಿಕೊಂಡಾಗಲೂ ನಕ್ಕುಬಿಟ್ಟಿರಿ. ಆ ಮನೆಯಲ್ಲೇ ಹುಟ್ಟಿದ ನಾನು ಮಾಡಿದ್ದೇನೆಂದರೆ ಇದು.

ಶನಿವಾರ ಮಧ್ಯಾಹ್ನ ನಾನು ಕುಣಿಗಲ್ಲಿನಲ್ಲಿ ಬಸ್ಸಿಳಿದು ಊರಿಗೆ ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲ. ನೀವು ಗೆಳತಿಯ ಮಗುವಿನ ನಾಮಕರಣಕ್ಕೆ ಕುಣಿಗಲ್ಲಿಗೆ ಹೋಗಿದ್ದಿರಿ, ಮಿಕ್ಕವರು ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದರು. ಅಪ್ಪ ಫೋನು ಮಾಡಿ, "ಒಂದ್ ಸಲ ಸೊಪ್ಪು ಹಾಕ್‌ಬುಡವ್ವಾ, ಹಸಿದವೆ" ಅಂದರು. ನಾಲ್ಕನೇ ಜ್ವರ ಎದ್ದು ಐದು ದಿನವಾಗಿತ್ತು, ಇನ್ನೆರಡು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕಾದ ಹುಳು. ಒಳಗೆ ಹೋಗುವವರು ತೊಳೆದುಕೊಂಡು ಬಟ್ಟೆ ಬದಲಿಸಲೆಂದು ಬಾಗಿಲ ಹತ್ತಿರ ನೀರು, ಸೋಪು, ಬೇರೆ ಸೀರೆ ಎಲ್ಲ ಇಟ್ಟಿತ್ತು. ಸೋಮವಾರ ನನಗೆ ಪ್ರೆಸೆಂಟೇಶನ್. ಆ ಹಿಕ್ಕೆಯ ವಾಸನೆ ಕೂದಲಿಗೆ ಹಿಡಿದರೆ ಎರಡು ದಿನ ಹೋಗುವುದಿಲ್ಲ. ಅರವತ್ತು ಜನರ ಎದುರು ಸಂಧ್ಯಾ ಮತ್ತೆ ಮೂಗು ಮುಂದೆ ತಂದಂತೆ ಕಾಣುತ್ತಿತ್ತು. ಕೂದಲಿಗೆ, ದುಪ್ಪಟ್ಟಾಕ್ಕೆ, ಎರಡೂ ಮಣಿಕಟ್ಟಿಗೆ ಸ್ಪ್ರೇ ಹೊಡೆದುಕೊಂಡೆ. ವಾಸನೆ ಒಳಗೆ ಇಳಿಯದ ಹಾಗೆ ಮೇಲೊಂದು ರೈನ್‌ಕೋಟ್ ಹಾಕಿಕೊಂಡಂತೆ ಎಂದುಕೊಂಡೆ. ಆ ಕೈಯಲ್ಲೇ ಸೊಪ್ಪು ಬಿಡಿಸಿ, ತಟ್ಟೆ ತಟ್ಟೆಗೂ ಹರಡಿ, ನೊಣ ಬರದಿರಲಿ ಎಂದು ಪರದೆ ಇಳಿಸಿ ಬಂದೆ. ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಇಷ್ಟಕ್ಕೆ ಏನಾಗುತ್ತದೆ ಎಂದುಕೊಂಡೆ, ಅಷ್ಟೇ.

ಮಿಕ್ಕಿದ್ದನ್ನು ನೀವೇ ನೋಡಿದ್ದೀರಿ. ಐದು ಗಂಟೆಗೆ ಹೊಂಬಾಳಜ್ಜಿ ಒಳಗೆ ಹೋದಾಗ ಹುಳು ಸೊಪ್ಪು ಬಿಟ್ಟು ತಲೆಯೆತ್ತಿ ಆಡಿಸುತ್ತಿದ್ದವು, ಬಾಯಿಂದ ಹಸಿರು ನೀರು. ಅಜ್ಜಿ ಹೊಸ್ತಿಲಲ್ಲೇ ನಿಂತು ಮೂಗೆಳೆದು ಕೂಗಿದರು: "ಸೆಂಟು! ಯಾವಳೇ ಅವ್ಳು ಸೆಂಟ್ ಹುಯ್ಕೊಂಡು ಒಳಿಕ್ ಬಂದೋಳು?" ಅಷ್ಟರಲ್ಲಿ ನಾನು ಸ್ನಾನ ಮಾಡಿ ಅಮ್ಮನ ನೈಟಿ ಹಾಕಿಕೊಂಡಿದ್ದೆ. ನೀವು ಅದಕ್ಕೆ ಅರ್ಧ ಗಂಟೆ ಮುಂಚೆ ರೇಷ್ಮೆ ಸೀರೆಯಲ್ಲಿ ನಾಮಕರಣ ಮುಗಿಸಿಕೊಂಡು ಬಂದಿದ್ದಿರಿ. ಎಲ್ಲರೂ ನಿಮ್ಮ ಸೀರೆ ನೋಡಿದರು. ಅಣ್ಣ ನಿಮ್ಮ ಸೂಟ್‌ಕೇಸು ಬೋರಲು ಹಾಕಿದ, ಕ್ಲಿನಿಕ್ಕಿನ ಕಾಲದ ಆ ಸಣ್ಣ ಬಾಟಲಿ ಉರುಳಿ ಬಂತು. "ಮದುವೆ ಆದಾಗಿಂದ ಅದರ ಮುಚ್ಚಳ ತೆಗೆದಿಲ್ಲ ಅಜ್ಜಿ, ನಾನು ಹುಳುಮನೆ ಕಡೆ ಹೋಗೇ ಇಲ್ಲ" ಅಂದಿರಿ ನೀವು. ಅಂದು ನನ್ನ ಕಡೆ ತಿರುಗಿದಿರಿ. ಬಚ್ಚಲಿನಲ್ಲಿ ನೆನೆಹಾಕಿದ್ದ ನನ್ನ ದುಪ್ಪಟ್ಟಾ ನೀವು ನೋಡಿ ಬಂದಿದ್ದಿರಿ, ನಿಮ್ಮ ಮೂಗಿಗೆ ತಿಳಿಯದೆ ಇರುತ್ತದೆಯೇ. ನೀವು ನನ್ನ ಹೆಸರು ಹೇಳಲಿಲ್ಲ. ನಾನೇ ಹೇಳಲಿ ಎಂದು ಕಾದಿರಿ. ಅಪ್ಪ ನನ್ನನ್ನು ಕೇಳಿದರು, ನೀನು ಇಲ್ಲೇ ಇದ್ದೆಯಲ್ಲಾ, ನೀನು ಸೊಪ್ಪು ಹಾಕಿ ಬಂದ ಮೇಲೆ ಇನ್ಯಾರು ಹೋದರು ಎಂದು. ನಾನು, "ಅತ್ತಿಗೆ ಬಂದೋರೇ ಒಂದ್ಸಲ ಒಳಗೆ ಹೋಗ್ಬಂದ್ರು" ಅಂದೆ. ಎಷ್ಟು ಸಲೀಸಾಗಿ ಬಂತು ಗೊತ್ತಾ ಆ ಮಾತು.

ಭಾನುವಾರ ಬೆಳಿಗ್ಗೆ ತಟ್ಟೆಗಳಲ್ಲಿ ಒಂದು ಹುಳವೂ ಅಲ್ಲಾಡುತ್ತಿರಲಿಲ್ಲ. ಅಜ್ಜಿ ಬೇರೆ ಯಾರಿಗೂ ಮುಟ್ಟಗೊಡದೆ, ಅಷ್ಟನ್ನೂ ನಿಮ್ಮ ಬರಿಗೈಯಲ್ಲೇ ಬಾಚಿಸಿ ಗುಂಡಿಗೆ ಹಾಕಿಸಿದರು, ಸುಣ್ಣವನ್ನೂ ನಿಮ್ಮ ಕೈಯಲ್ಲೇ ಎರಚಿಸಿದರು. ಅಮ್ಮ ಒಂದು ಸಲ, "ಹೋಗ್ಲಿ ಬುಡಿ ಅತ್ತೆ" ಅಂದು ಬೈಸಿಕೊಂಡು ಒಳಗೆ ಹೋದಳು. ಆಮೇಲೆ ಅಜ್ಜಿ ಅಂಗಳದಲ್ಲಿ ನಿಮ್ಮನ್ನು ಕೂರಿಸಿ ಆ ಬಾಟಲಿಯ ಮುಚ್ಚಳ ಬಿಚ್ಚಿ ತಲೆಯ ಮೇಲೆ ಪೂರ್ತಿ ಸುರಿದರು. "ಹಾಕ್ಕೋ. ಆಸೆ ತೀರೋವಷ್ಟು ಹಾಕ್ಕೋ. ಹಾಕ್ಕೊಂಡ್ ಹೋಗಿ ನಿಮ್ಮವ್ವಂಗೆ ಮೂಸಿಸು." ಕಣ್ಣಿಗೆ ಇಳಿದು ನೀವು ಒರೆಸಿಕೊಳ್ಳಲು ಕೈ ಎತ್ತಿದಿರಿ, ಕೈಯೆಲ್ಲ ಸುಣ್ಣ. ಅಣ್ಣ ಚೀಲ ತಂದು ಪಕ್ಕದಲ್ಲಿಟ್ಟ. ನಿಂಗಮ್ಮ ಬೇಲಿಯ ಆಚೆಯಿಂದ, "ಈಗ ಸೊಸೆ ಘಮ್ಮಂತಾಳೆ ನೋಡ್ರೀ" ಅಂದರು. ನನಗೆ ಆ ಕ್ಷಣದಲ್ಲಿ ಏನನ್ನಿಸಿತು ಎಂಬುದನ್ನೂ ಬರೆದುಬಿಡುತ್ತೇನೆ. ಸದ್ಯ ನಾನಲ್ಲ ಎನ್ನಿಸಿತು.

ಹೇಗೂ ಹಾಸ್ಟೆಲಿಗೆ ಹೋಗುವವಳು, ಇವಳನ್ನು ತುಮಕೂರಿನಲ್ಲಿ ಗುಬ್ಬಿ ಬಸ್ಸು ಹತ್ತಿಸು ಎಂದು ನನ್ನನ್ನೇ ಜೊತೆಗೆ ಕಳಿಸಿದರು. ಬಸ್ಸು ಹತ್ತಿದ ಕೂಡಲೇ ಜನ ಕಿಟಕಿ ತೆಗೆದರು. ಕಂಡಕ್ಟರು, "ಏನಮ್ಮಾ, ಅಂಗಡಿನೇ ಹುಯ್ಕೊಂಡ್ ಬಂದಿದೀಯಾ? ಮದ್ವೆಗೋ?" ಅಂದ. ಮುಂದಿನ ಸೀಟಿನ ಹೆಂಗಸು ಮಗುವಿನ ಮೂಗಿಗೆ ಸೆರಗು ಒತ್ತಿ ಎದ್ದು ಹೋದಳು. ಗೂಳೂರು ದಾಟುವಾಗ ಕಾಲೇಜಿನ ಇಬ್ಬರು ಹುಡುಗಿಯರು ಹತ್ತಿದರು. ನಾನು ನಿಮ್ಮ ಪಕ್ಕದಿಂದ ಎದ್ದು ನಾಲ್ಕು ಸೀಟು ಹಿಂದೆ ಹೋಗಿ ಕೂತೆ. ನೀವು ತಿರುಗಿ ನೋಡಲಿಲ್ಲ. ಎರಡು ಟಿಕೆಟನ್ನೂ ಮಾತ್ರ ನಿಮ್ಮ ಕೈಯಲ್ಲೇ ಹಿಡಿದಿದ್ದಿರಿ, ಚೆಕಿಂಗಿನವರು ಬಂದಾಗ ಹಿಂದೆ ಕೈ ತೋರಿಸಿ, "ಆ ಹುಡುಗೀದೂ ಇದರಲ್ಲೇ ಇದೆ" ಅಂದಿರಿ. ಆ ಹುಡುಗಿ ಅಂದಿರಿ, ನಾದಿನಿ ಅನ್ನಲಿಲ್ಲ. ನನಗೆ ಒಳ್ಳೆಯದಕ್ಕೇ ಹಾಗಂದಿರಿ ಎಂದು ಈಗ ಅರ್ಥವಾಗುತ್ತದೆ.

ಪ್ರೆಸೆಂಟೇಶನ್ ಚೆನ್ನಾಗಿ ಆಯಿತು. ಈಗ ನನ್ನನ್ನು ಯಾರೂ ಹುಳ ಅನ್ನುವುದಿಲ್ಲ. ಸಂಧ್ಯಾಗೆ ಬೇರೆ ಹುಡುಗಿ ಸಿಕ್ಕಿದ್ದಾಳೆ, ಮೊನ್ನೆ ಅವಳನ್ನು ನೋಡಿ ನಾನೂ ನಕ್ಕೆ. ಅಪ್ಪನಿಗೆ ನಿಜ ಬರೆಯಬೇಕೆಂದು ಮೂರು ಸಲ ಕೂತೆ, 'ಅಪ್ಪಾ' ಎನ್ನುವ ಪದದ ಮುಂದೆ ಕೈ ಹೋಗುವುದಿಲ್ಲ. ಅಜ್ಜಿಗೂ ಅಣ್ಣನಿಗೂ ನಾನು ಓದುವುದೇ ಇಷ್ಟವಿಲ್ಲ. ಕೋರ ಊರಿನ ಕಡೆಯ ಒಂದು ಸಂಬಂಧವನ್ನು ಆಗಲೇ ನೋಡಿ ಇಟ್ಟಿದ್ದಾರೆ. "ಒಂದ್ ಕಂಪ್ಲೇಂಟ್ ಬರ್ಲಿ, ಗಂಟುಮೂಟೆ ಕಟ್ಟುಸ್ತೀನಿ" ಎಂದು ಅಪ್ಪ ಸೇರಿಸುವ ದಿನವೇ ಹೇಳಿದ್ದರು.

ನಿಮ್ಮ ಅಮ್ಮನಿಗೂ ತಮ್ಮ ಕಾಂತೇಶನಿಗೂ ನನ್ನ ನಮಸ್ಕಾರ ತಿಳಿಸಿ, ತಿಳಿಸಬಾರದು ಅನ್ನಿಸಿದರೆ ಬೇಡ. ಕೈಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿರಿ. ಹೊತ್ತು ಹೊತ್ತಿಗೆ ಊಟ ಮಾಡಿ.

ನಿಮ್ಮ ನಾದಿನಿ,
ರೂಪಶ್ರೀ

ಇನ್ನೊಂದು ಮಾತು. ಪೋಸ್ಟ್ ಡಬ್ಬದವರು ಹನ್ನೊಂದಕ್ಕೆ ಬರುತ್ತಾರೆ, ಅದಕ್ಕೇ ಅವಸರ. ಹದಿನೇಳನೇ ತಾರೀಕು ಭಾನುವಾರ ಅಪ್ಪ, ಅಣ್ಣ, ಸೋದರಮಾವ ಗುಬ್ಬಿಗೆ ಬರುತ್ತಿದ್ದಾರೆ. "ತಪ್ಪಾಯ್ತು ಅಂದ್ರೆ ಕರ್ಕೊಂಡ್ ಬನ್ನಿ, ಅನ್ನದಿದ್ರೆ ಅಲ್ಲೇ ಬುಟ್‌ಬನ್ನಿ, ಬೇರೆ ಹೆಣ್ಣು ನೋಡೋಣ" ಎಂದು ಅಜ್ಜಿ ಹೇಳಿಯಾಗಿದೆ. ಅತ್ತಿಗೆ, ಹೌದು ಅನ್ನಿ. ಸೆಂಟು ನಾನೇ ಹಾಕ್ಕೊಂಡಿದ್ದೆ, ತಪ್ಪಾಯ್ತು ಅನ್ನಿ. ನಿಮಗೆ ನಿಮ್ಮ ಮನೆ ಸಿಗುತ್ತದೆ, ನನಗೆ ನನ್ನ ಓದು ಉಳಿಯುತ್ತದೆ. ನೀವು ಬಾಯಲ್ಲಿ ನನ್ನ ಹೆಸರು ಹೇಳಿದರೆ ನಾನು ಇಲ್ಲ ಅನ್ನುತ್ತೇನೆ, ಈಗಲೇ ಹೇಳಿಬಿಡುತ್ತಿದ್ದೇನೆ. ಈ ಕಾಗದ ತೋರಿಸಿದರೆ ಮಾತ್ರ ಇಲ್ಲ ಅನ್ನಲಾಗುವುದಿಲ್ಲ, ಆದ್ದರಿಂದ ಓದಿದ ಮೇಲೆ ಒಲೆಗೆ ಹಾಕಿ. ಹಾಕಿದಿರಾ, ಹೌದು ಅನ್ನುತ್ತೀರಾ, ಎರಡನ್ನೇ ಬರೆದರೆ ಸಾಕು. ಬರುವ ಗುರುವಾರದೊಳಗೆ ಹಾಸ್ಟೆಲಿಗೆ ತಲುಪುವ ಹಾಗೆ ಬೇಗ ಉತ್ತರ ಹಾಕಿ.