ಲೂಷಸ್ ಕಾಯಲಿಲ್ಲ

ತಂಗಿ ವರ್ಡೆಲ್,

ಮಣ್ಣಿನ ಕೆಳಗಿರುವವಳ ಹತ್ತಿರ ಅಂಚೆಯವನು ಬರುವುದಿಲ್ಲ, ಗೊತ್ತು. ಆದರೂ ಈ ಸಿಟ್ಟನ್ನು ಇನ್ಯಾರ ಮುಂದೆ ಕಾರಲಿ?

ನಮ್ಮ ಚರ್ಚಿನಲ್ಲಿ ಹಾಡು ಕಲಿತು ಸೋಲ್ ಸಂಗೀತದ ಗಾಯಕನಾಗಿ ಹೋದ ಲೂಷಸ್, ಇಷ್ಟು ವರ್ಷದ ಮೇಲೆ ನಮ್ಮೂರು ಮೇಕನ್‌ಗೆ ಹಾಡಲು ಬಂದಿದ್ದ. ಭಾನುವಾರದ ನೇರಳೆ ಟೋಪಿ ಇಟ್ಟುಕೊಂಡು ಹೋದೆ. ಥೂ! ಮೈಗೆಲ್ಲ ಮಿಂಚು, ಬಾಯಿಗೆ ಹೊಸ ಹಲ್ಲು, ಅರ್ಧ ಹಾಡು ಯಂತ್ರದ್ದು.

ಅದನ್ನೂ ನುಂಗಿಕೊಂಡೆ. "ಯಾರಿದ್ದೀರಿ ನನ್ ಜೊತೆ?" ಎಂದು ಹಿಂದೆಲ್ಲ ಹಾಡಿನ ನಡುವೆ ಕೇಳಿ ಅವನು ಸುಮ್ಮನಾಗುತ್ತಿದ್ದನಲ್ಲ, ಮೊದಲು ನಾನು, ನನ್ನ ಬೆನ್ನಿಗೇ ನೀನು "ನಾವಿದ್ದೀವಿ!" ಎಂದು ಕೂಗುತ್ತಿದ್ದೆವಲ್ಲ, ಅಷ್ಟಕ್ಕಾಗಿಯೇ ನಾನು ಹೋದದ್ದು. ಜನ ಉತ್ತರ ಕೊಡದೆ ಮುಂದಿನ ಸಾಲು ಹಿಡಿಯಬಾರದೆಂದು ಚರ್ಚಿನಲ್ಲಿ ಕಲಿತವನು ಈ ಸಲ ಕಾಯಲೇ ಇಲ್ಲ. ಜನರ ಉತ್ತರವನ್ನೂ ಯಂತ್ರದಲ್ಲೇ ತುಂಬಿಸಿಕೊಂಡು ಬಂದಿದ್ದ, ನಾಚಿಕೆಗೆಟ್ಟವನು!

ನಾನು ಎದ್ದು ನಿಂತು "ನಾವಿದ್ದೀವಿ!" ಎಂದು ಕೂಗಿಯೇಬಿಟ್ಟೆ. ಮುಂದಿದ್ದ ಹುಡುಗಿ ಫೋನು ಹಿಡಿದುಕೊಂಡೇ ತಿರುಗಿದಳು. "ಅಜ್ಜಿ, ಕೂತ್ಕೊಳ್ಳಿ. ವಿಡಿಯೋದಲ್ಲಿ ನಿಮ್ ದನಿ ಬರ್ತಿದೆ."

"ಬರ್ಲಿ ಬಿಡವ್ವ. ಅದ್ರಲ್ಲಿ ಒಂದಾದ್ರೂ ನಿಜವಾದ ದನಿ ಇರ್ಲಿ."

ಕೂರಲಿಲ್ಲ. ನನ್ನ ಕೂಗಿನ ಬೆನ್ನಿಗೆ ಇನ್ನೊಂದು ಕೂಗು ಬರಬೇಕಿತ್ತು. ಹಾಡು ಮುಗಿಯುವವರೆಗೂ ನಿಂತೇ ಇದ್ದೆ.